ಮರುಬಳಕೆ ಪ್ಲಾಸ್ಟಿಕ್‌ನ ಎಟಿಎಂ ಕಾರ್ಡ್: ಒಂದು ಮಳೆಗಾಲ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಕಾರ್ಡ್ ಚೆನ್ನಾಗಿದೆ. ಟ್ಯಾಪ್ ಮಾಡಿದರೆ ಮೊದಲ ಸಲಕ್ಕೇ ಕೆಲಸ ಆಗುತ್ತದೆ. ಎಟಿಎಂಗೆ ಹಾಕಿದರೆ ತಕರಾರಿಲ್ಲದೆ ದುಡ್ಡು ಬರುತ್ತದೆ. ನಮ್ಮೂರಿನ ಮಳೆಗೂ ಅಂಚು ಬಿಟ್ಟಿಲ್ಲ. ನನಗೆ ಸಿಟ್ಟು ಬಂದಿರುವುದು ಅದನ್ನು ಕಳಿಸಿದ ರೀತಿಗೆ, ಅದರ ಜೊತೆ ಬಂದ ಕಸಕ್ಕೆ, ಮತ್ತೆ ಹಳೇ ಕಾರ್ಡ್ ಏನು ಮಾಡಲಿ ಅಂತ ಕೇಳಿದರೆ ಯಾರ ಹತ್ತಿರವೂ ಸರಿಯಾದ ಉತ್ತರ ಇಲ್ಲದ್ದಕ್ಕೆ. ಬ್ಯಾಂಕಿನ ಹೆಸರು ಬರೆಯುವುದಿಲ್ಲ. ಬೇರೆಯವರು ಇದಕ್ಕಿಂತ ಉದ್ಧಾರ ಅಂತ ನನಗೇನೂ ಅನ್ನಿಸಿಲ್ಲ, ಒಬ್ಬರನ್ನೇ ಹಿಡಿದು ಬಯ್ದು ಏನು ಪ್ರಯೋಜನ?

ನಮ್ಮದು ಚಿಕ್ಕಮಗಳೂರಿನಲ್ಲಿ ಕಾಫಿಪುಡಿ ಅಂಗಡಿ. ಬೀಜ ಹುರಿದು, ಕೇಳಿದಷ್ಟು ಚಿಕೋರಿ ಬೆರೆಸಿ ಪುಡಿ ಮಾಡಿ ಕೊಡುತ್ತೇವೆ. ಕೌಂಟರ್ ಮೇಲೆ ಸ್ವೈಪ್ ಮಷಿನ್ ಇದೆ, ಪಕ್ಕದಲ್ಲೇ ಕ್ಯೂಆರ್ ಸ್ಟಿಕ್ಕರ್ ಇದೆ. ಊರಿನವರು ಬಹುಪಾಲು ಫೋನ್ ತೆಗೆದು ಸ್ಕ್ಯಾನ್ ಮಾಡಿ ಹೋಗುತ್ತಾರೆ. ಶನಿವಾರ ಭಾನುವಾರ ಮುಳ್ಳಯ್ಯನಗಿರಿ ನೋಡಿಕೊಂಡು ಬರುವ ಬೆಂಗಳೂರಿನವರಲ್ಲಿ ಕಾರ್ಡ್ ತೆಗೆಯುವವರು ಜಾಸ್ತಿ. ಹಾಗಾಗಿ ಕಾರ್ಡ್ ಅನ್ನುವ ವಸ್ತುವನ್ನು ನಾನು ಕೊಡುವವರ ಕಡೆಯಿಂದಲೂ ನೋಡಿದ್ದೇನೆ, ತೆಗೆದುಕೊಳ್ಳುವವರ ಕಡೆಯಿಂದಲೂ ನೋಡಿದ್ದೇನೆ. ಅದರ ಧೈರ್ಯದ ಮೇಲೇ ಈ ವಿಮರ್ಶೆ.

ಈ ಕಾರ್ಡನ್ನು ನಾನು ಕೇಳಿರಲಿಲ್ಲ. ನನ್ನ ಹಳೇ ಡೆಬಿಟ್ ಕಾರ್ಡ್‌ನ ಅವಧಿ ಇನ್ನೂ ವರ್ಷಕ್ಕಿಂತ ಹೆಚ್ಚು ಬಾಕಿ ಇತ್ತು. ಒಂದು ಮೆಸೇಜ್ ಬಂತು, ‘ನಿಮ್ಮ ಕಾರ್ಡ್ ಅಪ್‌ಗ್ರೇಡ್ ಆಗುತ್ತಿದೆ, ಪರಿಸರಸ್ನೇಹಿ ಕಾರ್ಡ್ ಕಳಿಸುತ್ತಿದ್ದೇವೆ’ ಅಂತ. ಅದೂ ಇಂಗ್ಲಿಷಿನಲ್ಲಿ. ಹೊಸದು ಚಾಲೂ ಮಾಡಿದ ಮೇಲೆ ಹಳೆಯದು ಬಂದ್. ಒಂದು ನಿಮಿಷ ಯೋಚನೆ ಮಾಡಿ. ಪ್ಲಾಸ್ಟಿಕ್ ಉಳಿಸಬೇಕು ಅಂತ ಹೇಳಿ, ಚೆನ್ನಾಗಿ ಕೆಲಸ ಮಾಡುತ್ತಿದ್ದ ಒಂದು ಪ್ಲಾಸ್ಟಿಕ್ ಕಾರ್ಡನ್ನು ಕಸ ಮಾಡಿ, ಇನ್ನೊಂದು ಕಾರ್ಡ್ ತಯಾರು ಮಾಡಿ, ಅದನ್ನು ಕೊರಿಯರ್‌ನಲ್ಲಿ ಘಟ್ಟದ ಊರಿಗೆ ಕಳಿಸುವುದು! ಹಳೆಯದು ಮುಗಿದಾಗ ಹೊಸದನ್ನು ಇದೇ ಮರುಬಳಕೆ ಪ್ಲಾಸ್ಟಿಕ್‌ನಲ್ಲಿ ಕೊಟ್ಟಿದ್ದರೆ ನಾನು ಚಪ್ಪಾಳೆ ಹೊಡೆಯುತ್ತಿದ್ದೆ.

ಇನ್ನು ಡಬ್ಬದ ಕಥೆ. ಗಟ್ಟಿ ರಟ್ಟಿನ ಡಬ್ಬ, ಅದರೊಳಗೆ ಮಡಚಿದ ಇನ್ನೊಂದು ರಟ್ಟು, ಅದಕ್ಕೆ ಗೋಂದಿನಲ್ಲಿ ಅಂಟಿಸಿದ ಕಾರ್ಡ್. ಜೊತೆಗೆ ಆಫರ್‌ಗಳ ಪುಸ್ತಕ, ನಿಯಮಗಳ ಪುಸ್ತಕ, ಎಲೆ ಚಿತ್ರದ ಸ್ಟಿಕ್ಕರ್, ಇಷ್ಟಕ್ಕೂ ಹೊರಗೊಂದು ಪ್ಲಾಸ್ಟಿಕ್ ಕವರ್. ಅಂಗಡಿಯಲ್ಲಿ ತಕ್ಕಡಿ ಇದ್ದೇ ಇದೆಯಲ್ಲ, ತೂಗಿ ನೋಡಿದೆ. ಕಾರ್ಡ್ 5 ಗ್ರಾಂ. ಉಳಿದದ್ದೆಲ್ಲ ಸೇರಿ ನೂರು ಗ್ರಾಂ ಹತ್ತಿರ ಬಂತು. ನೂರು ಗ್ರಾಂ ಅಂದರೆ ನಾವು ಮಾರುವ ಸಣ್ಣ ಪ್ಯಾಕೆಟ್ ಪುಡಿಯ ತೂಕ. ಐದು ಗ್ರಾಂ ಹಸಿರಿಗೆ ನೂರು ಗ್ರಾಂ ಕಸ. ಆ ಎರಡು ಪುಸ್ತಕಗಳಲ್ಲಿ ಒಂದೇ ಒಂದು ಸಾಲು ಕನ್ನಡ ಇಲ್ಲ ಅನ್ನುವುದು ಬೇರೆ ವಿಷಯ. ಇದ್ದರೂ ಯಾರು ಓದುತ್ತಿದ್ದರು, ಆದರೂ.

ಸರಿ, ಕಾರ್ಡ್‌ಗೆ ಬರೋಣ. ನೋಡಲು ಮಾಮೂಲಿ ಕಾರ್ಡ್. ಬಣ್ಣ ಸ್ವಲ್ಪ ಮಂಕು, ಹೊಳಪಿಲ್ಲ, ಕೈಗೆ ಸ್ವಲ್ಪ ಒರಟು. ನನಗೆ ಅದು ಇಷ್ಟವಾಯಿತು, ಬೆರಳಚ್ಚು ಕೂರುವುದಿಲ್ಲ. ನಂಬರ್ ಉಬ್ಬಿಸಿಲ್ಲ, ಹಿಂದುಗಡೆ ಚಪ್ಪಟೆಯಾಗಿ ಅಚ್ಚು ಹಾಕಿದ್ದಾರೆ. ಮೊದಲೆಲ್ಲಾ ನಂಬರ್ ಉಬ್ಬಿಸುತ್ತಿದ್ದದ್ದು, ಕಾರ್ಬನ್ ಕಾಗದ ಇಟ್ಟು ಉಜ್ಜಿ ಅಚ್ಚು ತೆಗೆಯುವ ಯಂತ್ರಕ್ಕೆ. ಆ ಯಂತ್ರ ಹೋಗಿ ಎಷ್ಟೋ ಕಾಲವಾಯಿತು, ಉಬ್ಬಿದ ಅಕ್ಷರ ಮಾತ್ರ ಹಾಗೇ ಉಳಿದುಕೊಂಡಿತ್ತು. ಪರ್ಸಿನಲ್ಲಿ ಉಜ್ಜಿ ಉಜ್ಜಿ ಅದರ ಬೆಳ್ಳಿ ಬಣ್ಣ ಹೋಗಿ ನಂಬರೇ ಕಾಣುತ್ತಿರಲಿಲ್ಲ. ಈಗ ಆ ತಾಪತ್ರಯ ಇಲ್ಲ.

ಅಳತೆ ಎಲ್ಲಾ ಕಾರ್ಡ್‌ಗೂ ಒಂದೇ. ಉದ್ದ 85.6 ಮಿಲಿಮೀಟರ್, ಅಗಲ ಸುಮಾರು 54, ದಪ್ಪ 0.76. ಅಂತಾರಾಷ್ಟ್ರೀಯ ಸ್ಟ್ಯಾಂಡರ್ಡ್ ಇದೆ, ಇಲ್ಲದಿದ್ದರೆ ಇಲ್ಲಿನ ಕಾರ್ಡ್ ದುಬೈ ಎಟಿಎಂಗೆ ಹಿಡಿಸುತ್ತಿರಲಿಲ್ಲ. ಈ ಮುಕ್ಕಾಲು ಮಿಲಿಮೀಟರ್ ಒಳಗೆ ಎಷ್ಟು ಕೆಲಸ ಇದೆ ಅಂತ ಗೊತ್ತಾದಾಗ ನನಗೆ ನಿಜವಾಗಿ ಆಶ್ಚರ್ಯವಾಯಿತು. ಅದು ಒಂದೇ ಹಾಳೆ ಅಲ್ಲ, ಚಿರೋಟಿ ಹಾಗೆ ಪದರ ಪದರ. ಮಧ್ಯೆ ಎರಡು ಮೂರು ಬಿಳಿ ಹಾಳೆ, ಅವುಗಳ ನಡುವೆ ಸಣ್ಣ ತಾಮ್ರದ ತಂತಿಯ ಸುತ್ತು, ಮೇಲೆ ಕೆಳಗೆ ಬಣ್ಣದ ಅಚ್ಚು, ಆಮೇಲೆ ಪಾರದರ್ಶಕ ಹಾಳೆ, ಅದರ ಮೇಲೆ ಸ್ವೈಪ್ ಮಾಡುವ ಕಪ್ಪು ಪಟ್ಟಿ. ಇಷ್ಟನ್ನೂ ದೊಡ್ಡ ಹಾಳೆಯಾಗಿ ಜೋಡಿಸಿ ಬಿಸಿ ಮಾಡಿ ಒತ್ತುತ್ತಾರೆ. ಆಮೇಲೆ ಒಂದೊಂದೇ ಕಾರ್ಡ್ ಕತ್ತರಿಸಿ, ಚಿಪ್ ಕೂರಿಸುವಷ್ಟು ಕುಳಿ ತೋಡಿ, ಅದರಲ್ಲಿ ಚಿಪ್ ಅಂಟಿಸುತ್ತಾರೆ. ಕೊನೆಗೆ ನಮ್ಮ ಹೆಸರು, ನಂಬರ್.

ಒಟ್ಟಿನಲ್ಲಿ ಇದು ಅರ್ಧ ಪ್ರಿಂಟಿಂಗ್ ಪ್ರೆಸ್ ಕೆಲಸ, ಅರ್ಧ ಎಲೆಕ್ಟ್ರಾನಿಕ್ಸ್ ಕೆಲಸ. ನಾವು ಘಟ್ಟ ಇಳಿದರೆ ಸಿಗುವ ಮಣಿಪಾಲದಲ್ಲಿ ಅಚ್ಚುಕೂಟವಾಗಿ ಶುರುವಾದ ಮಣಿಪಾಲ್ ಟೆಕ್ನಾಲಜೀಸ್ ಈಗ ದೇಶದ ಬ್ಯಾಂಕುಗಳಿಗೆ ಕಾರ್ಡ್ ಮಾಡಿಕೊಡುವ ದೊಡ್ಡ ಕಂಪನಿಗಳಲ್ಲಿ ಒಂದಾಗಿರುವುದು ಸುಮ್ನೆ ಅಲ್ಲ. ನನ್ನ ಕಾರ್ಡ್ ಎಲ್ಲಿ ತಯಾರಾಯಿತು ಅಂತ ಅದರ ಮೇಲೆ ಬರೆದಿಲ್ಲ.

ಈಗ ‘ಮರುಬಳಕೆ’ ಅನ್ನುವ ಮಾತು. ಮಾಮೂಲಿ ಕಾರ್ಡ್ ಪಿವಿಸಿಯದ್ದು, ಮನೆಯ ನೀರಿನ ಪೈಪ್ ಇದೆಯಲ್ಲ, ಅದೇ ಜಾತಿ. ನನ್ನದರ ಹಿಂದೆ ಸಣ್ಣಕ್ಷರದಲ್ಲಿ ಮರುಬಳಕೆ ಪ್ಲಾಸ್ಟಿಕ್ ಅಂತ ಇದೆ, ಅಂದರೆ ಆರ್‌ಪಿವಿಸಿ. ನಮ್ಮ ಪಕ್ಕದಂಗಡಿಯವರು ಇದನ್ನು ನೋಡಿ, “ಗಿರಿ ಮೇಲೆ ಟೂರಿಸ್ಟುಗಳು ಬಿಸಾಕಿ ಹೋಗ್ತಾರಲ್ಲ, ಆ ನೀರಿನ ಬಾಟ್ಲಿ ಕರಗಿಸಿ ಮಾಡಿರೋದಾ ಇದು?” ಅಂದರು. ಹಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು, ಅಲ್ವಾ? ಆದರೆ ನೀರಿನ ಬಾಟಲಿ ಪಿಇಟಿ ಅನ್ನುವ ಪ್ಲಾಸ್ಟಿಕ್‌ನದ್ದು, ಬೇರೆ ಜಾತಿ. ಆರ್‌ಪಿವಿಸಿಗೆ ಬರುವುದು ಹೆಚ್ಚಾಗಿ ಪ್ಯಾಕಿಂಗ್ ಮತ್ತು ಪ್ರಿಂಟಿಂಗ್ ಕಾರ್ಖಾನೆಗಳಲ್ಲಿ ಕತ್ತರಿಸಿ ಉಳಿದ ಚೂರುಪಾರು. ಗ್ರಾಹಕರ ಕೈಗೆ ಬಂದು ಹೋದ ಕಸ ಇದರಲ್ಲಿ ಕಡಿಮೆ. ಅದೂ ಸಾಮಾನ್ಯವಾಗಿ ಒಳಗಿನ ಬಿಳಿ ಪದರಗಳಿಗೆ ಮಾತ್ರ. ಮೇಲಿನ ಪಾರದರ್ಶಕ ಹಾಳೆ ಹೊಸ ಪ್ಲಾಸ್ಟಿಕ್ಕೇ ಆಗಿರುತ್ತದೆ. ತಪ್ಪೇನಿಲ್ಲ, ಹಾಳಾಗುವುದನ್ನು ಮತ್ತೆ ಬಳಸುವುದು ಒಳ್ಳೆಯದೇ. ಎಲೆಯ ಚಿತ್ರ ಹಾಕುವಾಗ ಇದನ್ನೂ ಒಂದು ಸಾಲು ಬರೆದಿದ್ದರೆ ಗೌರವ ಇರುತ್ತಿತ್ತು.

ಜನ ಬಿಸಾಕಿದ ಪ್ಲಾಸ್ಟಿಕ್‌ನ ಕಾರ್ಡ್ ಇಲ್ಲವೇ ಇಲ್ಲ ಅಂತಲ್ಲ. ಅಮೆರಿಕದಲ್ಲಿ ಕಾರ್ಡ್ ತಯಾರಿಸುವ ಸಿಪಿಐ ಕಾರ್ಡ್ ಗ್ರೂಪ್ 2019ರಲ್ಲಿ, ಸಮುದ್ರ ಸೇರಲಿದ್ದ ಪ್ಲಾಸ್ಟಿಕ್ ಹಿಡಿದು ಅದರಿಂದ ಒಳಪದರ ಮಾಡಿದ ಕಾರ್ಡ್ ತಂದಿತು. ಅಮೆರಿಕನ್ ಎಕ್ಸ್‌ಪ್ರೆಸ್ ಕೂಡ ಅದೇ ಸುಮಾರಿಗೆ ಕಡಲತೀರದ ಪ್ಲಾಸ್ಟಿಕ್‌ನ ಕಾರ್ಡ್ ಮಾಡಿತು. ನಮ್ಮಲ್ಲಿ ಎಚ್‌ಎಸ್‌ಬಿಸಿ 2021ರಲ್ಲೇ ಮರುಬಳಕೆ ಪಿವಿಸಿಯ ಕ್ರೆಡಿಟ್ ಕಾರ್ಡ್ ತಂದಿತ್ತು, 2023ರಲ್ಲಿ ಏರ್‌ಟೆಲ್ ಪೇಮೆಂಟ್ಸ್ ಬ್ಯಾಂಕ್ ಡೆಬಿಟ್ ಕಾರ್ಡ್ ತಂದಿತು. ಈಗ ಎಲ್ಲರೂ ಈ ಕಡೆ ತಿರುಗಿದ್ದಕ್ಕೆ ಒಂದು ದೊಡ್ಡ ಕಾರಣ, ಬ್ಯಾಂಕುಗಳ ಕಾರ್ಡ್ ಪಾವತಿ ಜಾಲ ನಡೆಸುವ ಮಾಸ್ಟರ್‌ಕಾರ್ಡ್ ಕಂಪನಿ ಹಾಕಿರುವ ಗಡುವು. 2028ರ ಜನವರಿ 1ರಿಂದ ತಮ್ಮ ಹೆಸರಿನಲ್ಲಿ ಹೊಸದಾಗಿ ತಯಾರಾಗುವ ಪ್ಲಾಸ್ಟಿಕ್ ಕಾರ್ಡ್‌ಗಳಲ್ಲಿ ಹೊಚ್ಚಹೊಸ ಪಿವಿಸಿ ಇರಬಾರದು, ಮರುಬಳಕೆಯದ್ದೋ ಸಸ್ಯಮೂಲದ್ದೋ ಆಗಬೇಕು ಅಂತ 2023ರಲ್ಲಿ ಹೇಳಿದ್ದಾರೆ. ಅಂದರೆ ಇವತ್ತು ಬ್ಯಾಂಕ್ ‘ನಿಮಗಾಗಿ, ಭೂಮಿಗಾಗಿ’ ಅಂತ ಕಳಿಸುತ್ತಿರುವುದು ಇನ್ನೆರಡು ದಿನ ಕಳೆದರೆ ಹೇಗೂ ಮಾಡಲೇಬೇಕಾದ ಕೆಲಸ.

ಸಸ್ಯಮೂಲ ಅಂದೆನಲ್ಲ, ಅದು ಪಿಎಲ್‌ಎ. ಮುಸುಕಿನ ಜೋಳದಂಥ ಬೆಳೆಯ ಪಿಷ್ಟದಿಂದ ಮಾಡುವ ಪ್ಲಾಸ್ಟಿಕ್. ಆಲ್ದೂರಿನ ಕಡೆ ತೋಟ ಇರುವ ನಮ್ಮ ದೊಡ್ಡಪ್ಪನಿಗೆ ಇದನ್ನು ಹೇಳಿದ್ದೇ ತಡ, “ಹಂಗಾದ್ರೆ ಗೊಬ್ಬರದ ಗುಂಡಿಗೆ ಹಾಕಿದ್ರೆ ಕರಗುತ್ತಾ? ಕಾಫಿ ಸಿಪ್ಪೆ ಜೊತೆ ಹಾಕ್ಬೋದಾ?” ಅಂದರು. ಇಲ್ಲ ದೊಡ್ಡಪ್ಪ. ಅದು ಕೊಳೆಯಬೇಕಾದರೆ 60 ಡಿಗ್ರಿ ಹತ್ತಿರದ ಬಿಸಿ ವಾರಗಟ್ಟಲೆ ಇರಬೇಕು, ದೊಡ್ಡ ಕಾಂಪೋಸ್ಟ್ ಘಟಕಗಳಲ್ಲಿ ಮಾತ್ರ ಅದು ಸಾಧ್ಯ. ಮಲೆನಾಡಿನ ಮಳೆ ಬಿದ್ದ ಗುಂಡಿಯಲ್ಲಿ ಅದು ನಮ್ಮನ್ನೇ ನೋಡುತ್ತಾ ಕೂತಿರುತ್ತದೆ. ಜೊತೆಗೆ ಚಿಪ್, ತಾಮ್ರದ ತಂತಿ ಎಲ್ಲಿಗೂ ಹೋಗುವುದಿಲ್ಲ, ಗೊಬ್ಬರ ಹರಡುವಾಗ ಕೈಗೆ ಸಿಗುತ್ತವೆ. “ಮತ್ತೆ ಯಾಕ್ ಜೋಳ ಹಾಳು ಮಾಡ್ತಾರೆ?” ಅಂತ ಅವರು ಕೇಳಿದ್ದಕ್ಕೆ ನನ್ನ ಹತ್ತಿರ ದೊಡ್ಡ ಉತ್ತರ ಇರಲಿಲ್ಲ. ಪೆಟ್ರೋಲಿಯಂ ಉಳಿಯುತ್ತದೆ, ಅದಂತೂ ನಿಜ.

ಮಳೆ ಪರೀಕ್ಷೆಗೆ ಬರೋಣ, ನನ್ನ ಪ್ರಕಾರ ಕಾರ್ಡ್‌ನ ನಿಜವಾದ ಪರೀಕ್ಷೆ ಇದು. ಜೂನ್‌ನಿಂದ ಇಲ್ಲಿ ಬೀರುವಿನ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ, ಚಪ್ಪಲಿಗೂ ಹಿಡಿಯುತ್ತದೆ. ಮರುಬಳಕೆ ಮಾಲು ಅಂದಾಗ ನನಗೆ ಇದ್ದ ಅನುಮಾನ ಇದೇ, ಪದರ ಬಿಟ್ಟುಕೊಳ್ಳಬಹುದು, ಬಾಗಬಹುದು ಅಂತ. ರೇನ್‌ಕೋಟ್ ಜೇಬಿನಲ್ಲಿ ಒದ್ದೆಯಾಗಿದೆ. ಕಾಫಿಪುಡಿ ಧೂಳು ಹಿಡಿದ ಕೈಯಲ್ಲಿ ದಿನಾ ಓಡಾಡಿದೆ. ಪ್ಯಾಂಟಿನ ಹಿಂದಿನ ಜೇಬಿನಲ್ಲಿಟ್ಟು ಸ್ಕೂಟರ್ ಮೇಲೆ ಕೂತದ್ದೂ ಉಂಟು. ಬಾಗಿಲ್ಲ, ಅಂಚು ಎದ್ದಿಲ್ಲ, ಚಿಪ್ ಸುತ್ತ ಬಿರುಕಿಲ್ಲ. ಬ್ಯಾಂಕಿನ ಲೋಗೋ ಮೇಲಿನ ಬಣ್ಣ ಒಂದು ಮೂಲೆಯಲ್ಲಿ ಸ್ವಲ್ಪ ಮಾಸಿದೆ, ಅಷ್ಟೇ. ಹಳೇ ಕಾರ್ಡ್ ಇಷ್ಟು ಸಮಯದಲ್ಲಿ ಇದಕ್ಕಿಂತ ಚೆನ್ನಾಗಿ ಇತ್ತು ಅಂತ ಹೇಳಲಾರೆ. ಮಾಲು ಕಡಿಮೆ ದರ್ಜೆಯದ್ದು ಅನ್ನುವ ಭಯ ಇದ್ದವರು ಬಿಟ್ಟುಬಿಡಿ.

ಟ್ಯಾಪ್ ಕೂಡ ಚೆನ್ನಾಗಿದೆ. ಕಾರ್ಡ್‌ನೊಳಗೆ ಬ್ಯಾಟರಿ ಇಲ್ಲ. ಆ ತಾಮ್ರದ ಸುತ್ತು ಮಷಿನ್ ಹತ್ತಿರ ಬಂದಾಗ ಮಷಿನ್‌ನಿಂದಲೇ ಕರೆಂಟ್ ಪಡೆದುಕೊಂಡು ಚಿಪ್‌ಗೆ ಕೊಡುತ್ತದೆ. ತಂತಿ ಎಲ್ಲಾದರೂ ತುಂಡಾದರೆ ಟ್ಯಾಪ್ ಸತ್ತಂತೆ, ಆಗ ಒಳಗೆ ತೂರಿಸಬೇಕು. ನಮ್ಮ ಅಂಗಡಿಗೆ ಬರುವ ಕೆಲವು ಹಳೇ ಕಾರ್ಡ್‌ಗಳು ಹೀಗೆ ಆಗಿರುತ್ತವೆ, ಜನ ಮಷಿನ್ ಕೆಟ್ಟಿದೆ ಅಂತ ನಮ್ಮನ್ನೇ ಬಯ್ಯುತ್ತಾರೆ. 5,000 ರೂಪಾಯಿವರೆಗೆ ಟ್ಯಾಪ್‌ಗೆ ಪಿನ್ ಬೇಡ, 2021ರ ಜನವರಿಯಿಂದ ಈ ಮಿತಿ ಇದೆ. ರುಪೇ ಡೆಬಿಟ್ ಕಾರ್ಡ್ ಆದರೆ ಅಂಗಡಿಯವರಾದ ನಮಗೆ ಕಮಿಷನ್ ಕಡಿತ ಇಲ್ಲ, ಹಾಗಾಗಿ ನಮಗೂ ಖುಷಿ.

ಆದರೆ ಮಷಿನ್‌ನಿಂದ ಬರುವ ಚೀಟಿ! ನಮಗೊಂದು, ಗ್ರಾಹಕರಿಗೊಂದು. ಅದು ಮಾಮೂಲಿ ಕಾಗದ ಅಲ್ಲ, ಬಿಸಿಗೆ ಕಪ್ಪಾಗುವ ಲೇಪನ ಇರುವ ಥರ್ಮಲ್ ಕಾಗದ, ರದ್ದಿಯವರೂ ಬೇಡ ಅನ್ನುತ್ತಾರೆ. ಗ್ರಾಹಕರ ಚೀಟಿ ಬಹುತೇಕ ನಮ್ಮ ಕೌಂಟರ್ ಮೇಲೇ ಮುದ್ದೆಯಾಗಿ ಬಿದ್ದಿರುತ್ತದೆ. ‘ಗ್ರಾಹಕರ ಕಾಪಿ ಬೇಕಾ’ ಅಂತ ಮಷಿನ್ ಕೇಳಿದಾಗ ನಾನು ಬೇಡ ಒತ್ತಿಬಿಡುತ್ತೇನೆ, ಮೊಬೈಲಿಗೆ ಮೆಸೇಜ್ ಹೇಗೂ ಬರುತ್ತದೆ. ಅಂಗಡಿ ಇಟ್ಟವರು ಇದೊಂದು ಮಾಡಿ, ಖರ್ಚಿಲ್ಲದ ಕೆಲಸ.

ಲೋಹದ ಕಾರ್ಡ್ ಬಗ್ಗೆಯೂ ಒಂದು ಮಾತು. ಭಾನುವಾರದ ಗಿರಾಕಿಗಳಲ್ಲಿ ಕೆಲವರು ಅದನ್ನು ಕೌಂಟರ್ ಮೇಲೆ ಬೇಕಂತಲೇ ಟಣ್ ಅಂತ ಹಾಕುತ್ತಾರೆ. ಪ್ಲಾಸ್ಟಿಕ್ ಇಲ್ಲ, ಪರಿಸರಕ್ಕೆ ಒಳ್ಳೆಯದು ಅಂತ ಒಬ್ಬರು ಪಾಠವನ್ನೂ ಮಾಡಿ ಹೋದರು. ಅಯ್ಯೋ, ಸ್ಟೀಲ್ ಗಣಿಯಿಂದ ಬರುವುದಲ್ವಾ? ತೂಕ ಪ್ಲಾಸ್ಟಿಕ್‌ನ ಮೂರು ಪಟ್ಟು ಇರುತ್ತದೆ, ಲೋಹ ತರಂಗವನ್ನು ತಡೆಯುವುದರಿಂದ ಕೆಲವು ಒಂದೇ ಬದಿಯಲ್ಲಿ ಟ್ಯಾಪ್ ಆಗುತ್ತವೆ, ಅವಧಿ ಮುಗಿದರೆ ಮನೆಯ ಕತ್ತರಿಯಲ್ಲಿ ಕತ್ತರಿಸುವುದಕ್ಕೂ ಬರುವುದಿಲ್ಲ. ಅದು ಅಂತಸ್ತಿನ ಕಾರ್ಡ್. ಇಟ್ಟುಕೊಳ್ಳಿ, ಬೇಡ ಅನ್ನಲ್ಲ, ಪರಿಸರದ ಹೆಸರು ಮಾತ್ರ ಎತ್ತಬೇಡಿ.

ಹಾಗಾದರೆ ಈ ಮರುಬಳಕೆ ಕಾರ್ಡ್‌ನಿಂದ ನಿಜಕ್ಕೂ ಎಷ್ಟು ಉಳಿತಾಯ? ನನ್ನ ಬ್ಯಾಂಕ್ ಲೆಕ್ಕ ಕೊಟ್ಟಿಲ್ಲ. ಏರ್‌ಟೆಲ್ ಪೇಮೆಂಟ್ಸ್ ಬ್ಯಾಂಕ್ ತನ್ನ ಕಾರ್ಡ್ ತಂದಾಗ ಒಂದು ಲೆಕ್ಕ ಕೊಟ್ಟಿತ್ತು, 50,000 ಕಾರ್ಡ್‌ಗೆ 350 ಕೆಜಿ ಇಂಗಾಲ ಉಳಿಯುತ್ತದೆ ಅಂತ. ಬಿಚ್ಚಿ ಹೇಳಿದ್ದಕ್ಕೆ ಅವರನ್ನು ಮೆಚ್ಚಬೇಕು. ಭಾಗಿಸಿ ನೋಡಿ, ಒಂದು ಕಾರ್ಡ್‌ಗೆ 7 ಗ್ರಾಂ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಅಂದರೆ 7 ಗ್ರಾಂಗೆ ಸಮ 3 ಮಿಲಿಲೀಟರ್ ಪೆಟ್ರೋಲ್. ಲೀಟರಿಗೆ 45 ಕಿಲೋಮೀಟರ್ ಓಡುವ ನನ್ನ ಸ್ಕೂಟರ್ ಅಷ್ಟು ಪೆಟ್ರೋಲಿನಲ್ಲಿ ನೂರೈವತ್ತು ಮೀಟರ್ ಕೂಡ ಹೋಗುವುದಿಲ್ಲ. ಹೊಸ ಕಾರ್ಡ್‌ನ ಪಿನ್ ಆ್ಯಪ್‌ನಲ್ಲಿ ಆಗದೆ ನಾನು ಬ್ರಾಂಚಿಗೆ ಹೋಗಿ ಬಂದೆನಲ್ಲ, ಐ.ಜಿ. ರಸ್ತೆಯ ಟ್ರಾಫಿಕ್‌ನಲ್ಲಿ ನಿಂತಾಗಲೇ ಈ ಕಾರ್ಡ್‌ನ ಪುಣ್ಯ ಎಲ್ಲಾ ಕರಗಿ ಹೋಗಿರುತ್ತದೆ.

ಇದನ್ನು ಹೇಳಿದರೆ ‘ಹನಿ ಹನಿ ಕೂಡಿದರೆ ಹಳ್ಳ’ ಅನ್ನುತ್ತಾರೆ. ಒಪ್ಪುತ್ತೇನೆ. ಪ್ರಪಂಚದಲ್ಲಿ ವರ್ಷಕ್ಕೆ 600 ಕೋಟಿ ಪ್ಲಾಸ್ಟಿಕ್ ಪಾವತಿ ಕಾರ್ಡ್ ತಯಾರಾಗುತ್ತವೆ ಅಂತ ಮಾಸ್ಟರ್‌ಕಾರ್ಡೇ ಹಿಂದೆ ಹೇಳಿತ್ತು. ಐದೈದು ಗ್ರಾಂನಂತೆ ಅದು 30,000 ಟನ್. ನಮ್ಮ ದೇಶದಲ್ಲಿ ಚಾಲ್ತಿಯಲ್ಲಿರುವ ಡೆಬಿಟ್ ಕಾರ್ಡ್‌ಗಳೇ 95 ಕೋಟಿಗೂ ಜಾಸ್ತಿ, ಕ್ರೆಡಿಟ್ ಕಾರ್ಡ್ 2024ರಲ್ಲೇ 10 ಕೋಟಿ ದಾಟಿತು. ಹಳ್ಳ ದೊಡ್ಡದೇ. ಆದರೆ ಹಳ್ಳ ಕಿರಿದಾಗಬೇಕಾದರೆ ಹನಿಯ ಬಣ್ಣ ಬದಲಾಯಿಸಿದರೆ ಸಾಲದು, ಹನಿ ಕಡಿಮೆ ಬೀಳಬೇಕು. ಐದು ವರ್ಷದ ಕಾರ್ಡನ್ನು ಹತ್ತು ವರ್ಷ ಓಡಿಸಿದರೆ ಯಾವ ಆರ್‌ಪಿವಿಸಿಯೂ ಬೇಡ, ಅರ್ಧಕ್ಕರ್ಧ ಪ್ಲಾಸ್ಟಿಕ್ ಉಳಿಯಿತು. ಚಿಪ್ ಅಷ್ಟು ವರ್ಷ ಹಳೆಯದಾದರೆ ಸುರಕ್ಷತೆ ಕಷ್ಟ ಅನ್ನುತ್ತಾರೆ, ಸರಿ, ಏಳು ವರ್ಷ ಮಾಡಿ. ಅವಧಿ ಇರುವ ಕಾರ್ಡನ್ನು ನಡುವೆ ಕೊಲ್ಲಬೇಡಿ, ಸಾಕು.

ಮನೆಯಲ್ಲಿ ಅಮ್ಮನ ಡ್ರಾಯರ್ ತೆಗೆದು ನೋಡಿದೆ. ಅದೊಂದು ಮ್ಯೂಸಿಯಂ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನ ಕಾರ್ಡ್, 2017ರಲ್ಲಿ ಎಸ್‌ಬಿಐ ಜೊತೆ ಸೇರಿತು. ವಿಜಯ ಬ್ಯಾಂಕ್, 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಆಯಿತು. ಕಾರ್ಪೊರೇಷನ್ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್, ಎರಡೂ 2020ರ ಏಪ್ರಿಲ್ 1ಕ್ಕೆ ಹೋದವು, ಒಂದು ಯೂನಿಯನ್ ಬ್ಯಾಂಕಿಗೆ, ಒಂದು ಕೆನರಾಕ್ಕೆ. ನಾಲ್ಕೂ ನಮ್ಮ ರಾಜ್ಯದಲ್ಲೇ ಹುಟ್ಟಿದವು. ಇದಕ್ಕೂ ಮೊದಲು ಬರೀ ಕಪ್ಪು ಪಟ್ಟಿಯ ಕಾರ್ಡ್‌ಗಳಿದ್ದವು, 2018ರ ಕೊನೆಯೊಳಗೆ ಎಲ್ಲಾ ಚಿಪ್ ಕಾರ್ಡ್ ಆಗಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದಾಗ ಅವೂ ಬದಲಾದವು. ಚಿಪ್ ಬಂದದ್ದು ಬೇಕಿತ್ತು, ನಕಲು ಮಾಡುವುದು ಕಷ್ಟವಾಯಿತು. ಆ ಕಪ್ಪು ಪಟ್ಟಿಯೂ ಇನ್ನು ಹೋಗುತ್ತದೆ, 2033ರ ಹೊತ್ತಿಗೆ ತಮ್ಮ ಯಾವ ಕಾರ್ಡ್ ಮೇಲೂ ಅದು ಇರುವುದಿಲ್ಲ ಅಂತ ಮಾಸ್ಟರ್‌ಕಾರ್ಡ್ ಘೋಷಿಸಿದೆ. ಹೀಗೆ ಒಂದೊಂದು ಕಾರಣಕ್ಕೆ ಒಂದೊಂದು ಅಲೆ, ಪ್ರತಿ ಅಲೆಗೂ ಡ್ರಾಯರ್‌ಗೆ ಒಂದು ಕಾರ್ಡ್. ಈಗ ಹಸಿರಿನ ಅಲೆ.

ಡ್ರಾಯರ್‌ನಲ್ಲಿ ಇದ್ದರೆ ಇರಲಿ, ತೊಂದರೆಯಿಲ್ಲ. ತೊಂದರೆ ಇರುವುದು ನಮ್ಮ ಕಡೆಯ ಇನ್ನೊಂದು ಅಭ್ಯಾಸದಲ್ಲಿ. ಮಲೆನಾಡಿನ ಮನೆಗಳಲ್ಲಿ ಬೇಡದ ಎಲ್ಲಾ ವಸ್ತುವಿಗೂ ಕೊನೆಗೆ ಬಚ್ಚಲ ಒಲೆಯೇ ಗತಿ. ಕಾರ್ಡನ್ನು ಕಸಕ್ಕೆ ಹಾಕಿದರೆ ಯಾರಾದರೂ ಎತ್ತಿಕೊಂಡು ದುಡ್ಡು ತೆಗೆದಾರು ಅಂತ ಹೆದರಿ ಸುಟ್ಟುಬಿಡುವವರು ಎಷ್ಟೋ ಮಂದಿ. ದಯವಿಟ್ಟು ಸುಡಬೇಡಿ. ಪಿವಿಸಿಯ ತೂಕದಲ್ಲಿ 57 ಪರ್ಸೆಂಟ್ ಕ್ಲೋರಿನ್. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನ್ನುವ ಕಣ್ಣು ಗಂಟಲು ಉರಿಸುವ ಗ್ಯಾಸ್ ಬರುತ್ತದೆ, ಒಲೆಯಂಥ ಕಡಿಮೆ ಬಿಸಿಯಲ್ಲಿ ಡಯಾಕ್ಸಿನ್ ಅನ್ನುವ ವಿಷವೂ ಹುಟ್ಟುತ್ತದೆ. ಆ ಹೊಗೆ ಕುಡಿಯುವವರು ಒಲೆ ಮುಂದೆ ಕೂತು ಊದುವವರೇ. ಮರುಬಳಕೆ ಪಿವಿಸಿ ಸುಟ್ಟರೂ ಅದೇ ಹೊಗೆ, ಎಲೆ ಚಿತ್ರ ಇದೆ ಅಂತ ವ್ಯತ್ಯಾಸ ಆಗುವುದಿಲ್ಲ. ಹಸಿರು ಕಾರ್ಡ್ ಅಂದಾಕ್ಷಣ ಜನ ಇದನ್ನು ನಿರಪಾಯ ಅಂದುಕೊಂಡಾರು ಅನ್ನುವುದು ನನಗಿರುವ ನಿಜವಾದ ಹೆದರಿಕೆ.

ಹಳೇ ಕಾರ್ಡ್ ಹಿಡಿದುಕೊಂಡು ಬ್ರಾಂಚಿಗೆ ಹೋಗಿ ಕೇಳಿದೆ.

“ಮೇಡಂ, ಇದನ್ನ ವಾಪಸ್ ತಗೊಳ್ತೀರಾ?”

“ಇಲ್ಲ ಇಲ್ಲ, ನೀವೇ ಕಟ್ ಮಾಡಿ ಬಿಸಾಕಿ.”

“ಎಲ್ಲಿ ಬಿಸಾಕೋದು? ಒಣ ಕಸಕ್ಕಾ? ಇದ್ರಲ್ಲಿ ಚಿಪ್ ಇದ್ಯಲ್ಲ.”

ಅವರು ನಕ್ಕರು. “ಇದುವರೆಗೂ ಯಾರೂ ಕೇಳಿಲ್ಲ ನೋಡಿ. ನಮಗೂ ಮೇಲಿಂದ ಏನೂ ಹೇಳಿಲ್ಲ.”

ಅವರದ್ದೇನೂ ತಪ್ಪಿಲ್ಲ, ಪಾಪ, ಕ್ಯೂನಲ್ಲಿ ಪಾಸ್‌ಬುಕ್ ಹಿಡಿದು ನಿಂತವರೇ ಬೇಕಾದಷ್ಟು ಜನ ಇದ್ದರು. ಆದರೆ ಬ್ರಿಟನ್‌ನಲ್ಲಿ ಮಾಸ್ಟರ್‌ಕಾರ್ಡ್ ಮತ್ತು ಎಚ್‌ಎಸ್‌ಬಿಸಿ ಸೇರಿ, ಶಾಖೆಯಲ್ಲೇ ಹಳೇ ಕಾರ್ಡ್ ಹಾಕಿದರೆ ಚೂರು ಮಾಡಿ ಮರುಬಳಕೆಗೆ ಕಳಿಸುವ ಯಂತ್ರ ಇಟ್ಟು ನೋಡಿದ್ದಾರೆ. ಇಲ್ಲಿ ಯಂತ್ರವೂ ಬೇಡ. ಬೀಗ ಇರುವ ಒಂದು ಡಬ್ಬ, ವರ್ಷಕ್ಕೊಮ್ಮೆ ಅದರಲ್ಲಿನ ಕಾರ್ಡ್‌ಗಳನ್ನು ಅವು ತಯಾರಾದ ಕಾರ್ಖಾನೆಗೆ ಕಳಿಸುವ ವ್ಯವಸ್ಥೆ. ಕಾರ್ಖಾನೆಯಲ್ಲಿ ಕೆಟ್ಟ ಕಾರ್ಡ್‌ಗಳನ್ನು ಲೆಕ್ಕ ಇಟ್ಟು ಚೂರು ಮಾಡುವ ಪದ್ಧತಿ ಹೇಗೂ ಇದೆ, ಭದ್ರತೆಗಾಗಿ ಅವರು ಅದನ್ನು ಮಾಡಲೇಬೇಕು. ಹೊಸದು ಕಳಿಸುವ ಡಬ್ಬದಲ್ಲಿ ಆ ಸ್ಟಿಕ್ಕರ್ ಬದಲು ವಾಪಸ್ ಕಳಿಸುವ ಒಂದು ಸಣ್ಣ ಕವರ್ ಇಟ್ಟಿದ್ದರೆ ನಾನು ಹಳೇ ಕಾರ್ಡ್ ವ್ಯವಸ್ಥೆಗೆ ಐದಕ್ಕೆ ಐದು ಕೊಡುತ್ತಿದ್ದೆ.

ಇನ್ನೊಂದು ಹೊಸತನ ನನ್ನ ಕಾರ್ಡ್‌ನಲ್ಲಿ ಇರಬೇಕಿತ್ತು ಅನ್ನಿಸಿದ್ದು ಬದಿಯ ಕಚ್ಚು. ಕಣ್ಣು ಕಾಣದವರು ಮುಟ್ಟಿ ಗುರುತು ಹಿಡಿಯಲಿ ಅಂತ ಮಾಸ್ಟರ್‌ಕಾರ್ಡ್ 2021ರಲ್ಲಿ ಒಂದು ವಿನ್ಯಾಸ ತಂದಿತು. ಡೆಬಿಟ್‌ಗೆ ದುಂಡನೆ ಕಚ್ಚು, ಕ್ರೆಡಿಟ್‌ಗೆ ಚೌಕ, ಪ್ರೀಪೇಯ್ಡ್‌ಗೆ ತ್ರಿಕೋನ. ಎಲ್ಲಾ ಕಾರ್ಡೂ ಒಂದೇ ಅಳತೆ, ಈಗ ಉಬ್ಬಿದ ಅಕ್ಷರವೂ ಇಲ್ಲ, ಕಣ್ಣು ಮಂಜಾದ ಹಿರಿಯರು ಯಾವುದು ಯಾವ ಕಡೆ ಅಂತ ಹೇಗೆ ತಿಳಿಯಬೇಕು? ಕತ್ತರಿಸುವಾಗ ಒಂದು ಕಚ್ಚು ಹಾಕುವುದಕ್ಕೆ ಪ್ಲಾಸ್ಟಿಕ್ ಜಾಸ್ತಿಯೂ ಬೇಡ.

ಕಾರ್ಡೇ ಬೇಡ ಅನ್ನುವವರೂ ಇದ್ದಾರೆ, ನ್ಯಾಯವೇ. ಯುಪಿಐ ಇದೆ, ಕೆಲವು ಎಟಿಎಂಗಳಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ದುಡ್ಡೂ ತೆಗೆಯಬಹುದು. ಡೆಬಿಟ್ ಕಾರ್ಡ್ ತೆಗೆದುಕೊಳ್ಳಲೇಬೇಕು ಅಂತ ಬ್ಯಾಂಕ್ ಒತ್ತಾಯ ಮಾಡುವಂತಿಲ್ಲ, ರಿಸರ್ವ್ ಬ್ಯಾಂಕ್ ನಿಯಮ ಇದೆ. ಬೇಡದ ಕ್ರೆಡಿಟ್ ಕಾರ್ಡ್ ಮುಚ್ಚಿ ಅಂತ ಬರೆದುಕೊಟ್ಟರೆ, ಬಾಕಿ ಇಲ್ಲದಿದ್ದರೆ, ಏಳು ಕೆಲಸದ ದಿನದೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು. ಆದರೂ ನಾನು ಒಂದು ಕಾರ್ಡ್ ಇಟ್ಟುಕೊಳ್ಳುತ್ತೇನೆ. ತೋಟದ ಕಡೆ ಹೋದರೆ ಫೋನ್‌ನಲ್ಲಿ ಸಿಗ್ನಲ್ ಇರುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗಿ ಫೋನ್ ಸತ್ತ ದಿನ, ಕಾರ್ಡ್ ಹಿಡಿದು ಪೇಟೆಗೆ ಬಂದು ಎಟಿಎಂನಲ್ಲಿ ದುಡ್ಡು ತೆಗೆದವರಿಗೆ ಗೊತ್ತು ಅದರ ಬೆಲೆ. ಒಂದು ಸಾಕು. ಮೂರು ನಾಲ್ಕು ಯಾಕೆ?

ನನ್ನ ಅಂಕ ಹೀಗೆ. ಕಾರ್ಡ್‌ಗೆ ಐದಕ್ಕೆ ನಾಲ್ಕು, ಕಚ್ಚು ಇಲ್ಲದ್ದಕ್ಕೆ ಒಂದು ಕಟ್. ಡಬ್ಬಕ್ಕೆ ಒಂದು, ಅದೂ ರಟ್ಟನ್ನು ಅಂಗಡಿಯಲ್ಲಿ ಬಳಸಿಕೊಂಡಿದ್ದೇನೆ ಅಂತ. ಹಳೇ ಕಾರ್ಡ್ ವ್ಯವಸ್ಥೆಗೆ ಸೊನ್ನೆ. ನಿಮ್ಮ ಕಾರ್ಡ್‌ನ ಅವಧಿ ಮುಗಿಯುತ್ತಿದ್ದರೆ ಮರುಬಳಕೆಯದ್ದನ್ನೇ ಕೇಳಿ ಪಡೆಯಿರಿ, ಅನುಮಾನ ಬೇಡ. ಅವಧಿ ಇನ್ನೂ ಇದ್ದರೆ, ಅಪ್‌ಗ್ರೇಡ್ ಮೆಸೇಜ್ ಬಂದ ತಕ್ಷಣ ಬ್ರಾಂಚಿಗೆ ಫೋನ್ ಮಾಡಿ ಈಗ ಬೇಡ ಅನ್ನಿ. ಹಳೆಯದನ್ನು ಬಿಸಾಕುವುದೇ ಆದರೆ ಚಿಪ್ ಮಧ್ಯಕ್ಕೆ ಎರಡು ತುಂಡಾಗುವಂತೆ, ಕಪ್ಪು ಪಟ್ಟಿ ಅಡ್ಡಕ್ಕೆ ತುಂಡಾಗುವಂತೆ, ಹಿಂದಿನ ಮೂರಂಕಿ ಚೂರಾಗುವಂತೆ ಕತ್ತರಿಸಿ, ಒಣ ಕಸದ ಜೊತೆ ಬೇರೆ ಬೇರೆ ದಿನ ಹಾಕಿ. ನಾನು ಹೆಡ್ ಆಫೀಸಿಗೆ ಕನ್ನಡದಲ್ಲೇ ಒಂದು ಪತ್ರ ಹಾಕಿದ್ದೇನೆ, ಬ್ರಾಂಚಿನಲ್ಲಿ ಡಬ್ಬ ಇಡಿ ಅಂತ. ಉತ್ತರ ಬಂದರೆ ಇದರ ಕೆಳಗೇ ಸೇರಿಸುತ್ತೇನೆ.